ಎರಡನೆಯ ಬಾಗಿಲಿನವನು

ನನಗೆ ಸಿಟ್ಟು ಜಾಸ್ತಿ ಎಂದು ಹೇಳುವವರಿದ್ದಾರೆ. ಶುದ್ಧ ಸುಳ್ಳು. ಹಾಗೆ ಹೇಳಿದವರಲ್ಲಿ ಇಬ್ಬರ ಮನೆಗೇ ಹೋಗಿ ಬೈದು ಬಂದಿದ್ದೇನೆ. ಆಮೇಲೆ ಅವರು ಆ ಮಾತು ಎತ್ತಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. 2009ರ ಆಗಮನ ಕಾಲದಲ್ಲಿ ಡೊಂಬಿವಲಿಯ ನಮ್ಮ ಸಾಯಿದೀಪ ಹೌಸಿಂಗ್ ಸೊಸೈಟಿಯಲ್ಲಿ ನಡೆದ ಗಲಾಟೆಗೆ ಲಿಗೋರಿಯ ಸಿಟ್ಟೇ ಕಾರಣ ಎಂದು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಇವತ್ತಿಗೂ ಮಾತನಾಡಿಕೊಳ್ಳುತ್ತಾರೆ. ಲಿಗೋರಿ ಅಂದರೆ ನಾನು. ನಿಜವಾದ ಕಾರಣ ಒಂದು ದಿಂಬು.

ಆಗಮನ ಕಾಲವೆಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ. ಬಾಲಯೇಸು ಬರುವ ಮೊದಲು ಮನಸ್ಸನ್ನು ಗುಡಿಸಿ ಸಾರಿಸಿ ಕಾಯಬೇಕು ಎಂದು ನಿಯಮ. ಮನಸ್ಸನ್ನು ಗುಡಿಸುವುದು ಕಷ್ಟ. ಆದ್ದರಿಂದ ನಮ್ಮವರು ಮನೆ ಗುಡಿಸುತ್ತಾರೆ, ಪರದೆ ಬದಲಾಯಿಸುತ್ತಾರೆ, ಯಾರ ಮನೆಯ ನಕ್ಷತ್ರದ ಗೂಡುದೀಪ ದೊಡ್ಡದು ಎಂದು ಅಳೆಯುತ್ತಾರೆ. ಆ ವರ್ಷ ಹೊಸದಾಗಿ ಬಂದಿದ್ದ ಫಾದರ್ ಗ್ಲ್ಯಾಡ್ಸನ್ ಮೊದಲ ಭಾನುವಾರ ನೇರಳೆ ಬಣ್ಣದ ಮೇಣದ ಬತ್ತಿ ಹಚ್ಚಿ, ಕಾಯುವುದು ಹೇಗೆ ಎಂದು ನಲವತ್ತು ನಿಮಿಷ ಉಪದೇಶ ಕೊಟ್ಟರು. ಡೊಂಬಿವಲಿಯವರಿಗೆ ಕಾಯುವುದನ್ನು ಕಲಿಸಲು ಹೊರಟ ಅವರ ಧೈರ್ಯವನ್ನು ಮೆಚ್ಚಬೇಕು. ನಾವು ಫಾಸ್ಟ್ ಲೋಕಲ್ ರೈಲಿಗೆ ಕಾಯುವವರು, ಮುನಿಸಿಪಾಲಿಟಿ ನೀರಿಗೆ ಕಾಯುವವರು, ಹೋದ ಕರೆಂಟಿಗೆ ಕಾಯುವವರು. ದೇವರಿಗೆ ಕಾಯುವುದು ನಮಗೆ ವಿಶ್ರಾಂತಿ ಇದ್ದ ಹಾಗೆ.

ಅಂದು ಸಂಜೆ ನಮ್ಮ ವಾಳೆಯ, ಅಂದರೆ ಇಗರ್ಜಿಯ ನಮ್ಮ ಕೇರಿಯವರ, ಸಭೆ ಸೇರಿತು. ಸಭೆ ಸೇರಿದ್ದು ಗುರಿಕಾರ ವಲೇರಿಯನ್ ಲೋಬೊ ಮನೆಯಲ್ಲಿ. ಗುರಿಕಾರನೆಂದರೆ ವಾಳೆಯ ಮುಖಂಡ. ನಮ್ಮದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಎರಡು ಫ್ಲ್ಯಾಟು ಒಡೆದು ಒಂದು ಮಾಡಿಕೊಂಡಿದ್ದಾನೆ. ಸಭೆ ಯಾವಾಗಲೂ ಅಲ್ಲೇ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ನಾಲ್ಕು ಮಹಡಿ ಹತ್ತಿ ಬಂದವನಿಗೆ ಎದುರು ಮಾತನಾಡಲು ಉಸಿರು ಉಳಿದಿರುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ಫಾದರ್ ಹೊಸ ಯೋಜನೆ ತಂದಿದ್ದರು. ಮೆಕ್ಸಿಕೋ ದೇಶದ ಪದ್ಧತಿಯಂತೆ. ಹೆರಿಗೆಯ ದಿನ ತುಂಬಿದ ಮಾತೆ ಮರಿಯ, ಗಂಡ ಜೋಸೆಫರ ಜೊತೆ ಬೆತ್ಲೆಹೇಮಿನಲ್ಲಿ ಮನೆಮನೆಯ ಬಾಗಿಲು ತಟ್ಟಿದ್ದನ್ನು ಆಡಿ ತೋರಿಸುವುದು.

"ಮೂರು ಬಾಗಿಲು," ಎಂದರು ಫಾದರ್. "ಮೊದಲನೆಯ ಮನೆಯವರು ನಯವಾಗಿ ಜಾಗ ಇಲ್ಲ ಅನ್ನಬೇಕು. ಎರಡನೆಯ ಮನೆಯವರು ಬೈದು ಅಟ್ಟಬೇಕು. ಮೂರನೆಯವರು ಬಾಗಿಲು ತೆರೆದು ಕರೆದುಕೊಳ್ಳಬೇಕು. ಮರಿಯ ಒಳಗೆ ಹೋದಲ್ಲಿ ನಾವೆಲ್ಲ ಹಾಡುತ್ತಾ ಹೋಗಿ ಪ್ರಾರ್ಥನೆ, ಆಮೇಲೆ ತಿಂಡಿ. ಚೀಟಿ ಹಾಕುವ."

"ಮೂರನೆಯದಕ್ಕೆ ಚೀಟಿ ಯಾಕೆ ಫಾದರ್?" ಎಂದ ವಲೇರಿಯನ್. "ನಮ್ಮ ಹಾಲ್ ದೊಡ್ಡದುಂಟು. ಸೋಫಾಕ್ಕೆ ಹೊಸ ಬಟ್ಟೆ ಕೂಡ ಹಾಕಿಸಿ ಆಯ್ತು." ಪತ್ರಿಕೆಯಲ್ಲಿ ಫೋಟೋ ಬರುವ ಕೆಲಸಕ್ಕೆ ದೇವರು ಅವನನ್ನು ಮೊದಲೇ ಆರಿಸಿರುತ್ತಾನೆ.

ಮೊದಲನೆಯ ಬಾಗಿಲು ತಳಮಹಡಿಯ ಹಿಲ್ಡಾ ಟೀಚರಿಗೆ ಹೋಯಿತು. "ಎಲ್‌ಕೆಜಿ ಅಡ್ಮಿಶನ್ ಕೇಳಿ ಬಂದವರಿಗೆ ಇಪ್ಪತ್ತು ವರ್ಷದಿಂದ ನಯವಾಗಿ ಇಲ್ಲ ಅಂತಿದ್ದೇನೆ," ಎಂದು ಅವರೇ ಕೈ ಎತ್ತಿದರು.

"ಎರಡನೆಯ ಬಾಗಿಲು?"

ಚೀಟಿಯ ಮಾತೇ ಬರಲಿಲ್ಲ. ಹನ್ನೊಂದು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಅದರಲ್ಲಿ ಒಂದು ನನ್ನ ಹೆಂಡತಿ ಬೆನ್ನಾಳದು.

"ಯಾಕೆ ಎಲ್ಲ ನನ್ನನ್ನು ನೋಡ್ತೀರಿ?" ಎಂದೆ. ಸ್ವಲ್ಪ ಜೋರಾಗಿಯೇ ಬಂತು.

"ವೆರಿ ಗುಡ್," ಎಂದರು ಫಾದರ್. "ಇದೇ ಸ್ವರ ಬೇಕು."

ನನಗೆ ಉರಿದು ಹೋಯಿತು. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಹದಿನೇಳು ಹುಡುಗರು ನನ್ನ ಮನೆಯ ನೆಲದ ಮೇಲೆ ಮಲಗಿದ್ದಾರೆ. ಒಬ್ಬನಿಗೂ ಜಾಗ ಇಲ್ಲ ಎಂದವನಲ್ಲ. ಬೈದಿದ್ದೇನೆ, ಅದು ಬೇರೆ. ಅಂಥವನಿಗೆ ದೇವರ ತಾಯಿಯನ್ನು ಅಟ್ಟುವ ಪಾತ್ರ! ಮೆಟ್ಟಿಲು ಇಳಿಯುವಾಗ ನಾನು ವಾಳೆಯವರಿಗೆಲ್ಲ ಒಂದು ಕರಾರು ಹಾಕಿದೆ. ಈ ವಿಷಯ ಕಟ್ಟಡದ ಬೇರೆ ಯಾರಿಗೂ ಗೊತ್ತಾಗಬಾರದು. ಹತ್ತೊಂಬತ್ತನೇ ತಾರೀಖು ಶನಿವಾರ ಸಂಜೆ ಏಳಕ್ಕೆ ಆಡಿ ಮುಗಿಸುವುದು, ಅಷ್ಟೇ. ಅವರು ಒಪ್ಪಿದರು. ನಮ್ಮ ವಾಳೆಯವರು ಆಯುಷ್ಯದಲ್ಲಿ ಒಂದೇ ಒಂದು ಸಲ ಒಂದು ಗುಟ್ಟನ್ನು ಉಳಿಸಿಕೊಂಡರು, ಅದು ಇದೇ.

ಮರಿಯಳ ಪಾತ್ರಕ್ಕೆ ಹಿಲ್ಡಾ ಟೀಚರ್ ನನ್ನ ಮಗಳು ಜ್ಯೋತ್ಸ್ನಾಳನ್ನು ಆರಿಸಿದರು. ಜೋಸೆಫನ ಪಾತ್ರಕ್ಕೆ ಟೀಚರ ತಂಗಿಯ ಮಗ ರಂಜನ್. ಅವನು ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುವವನು, ಅಮೆರಿಕದ ಸಮಯಕ್ಕೆ ಎದ್ದು ಡೊಂಬಿವಲಿಯ ಸಮಯಕ್ಕೆ ಮಲಗುವವನು. ಹಾಗಾಗಿ ಒಂದೇ ಒಂದು ಅಭ್ಯಾಸಕ್ಕೂ ಬರಲಿಲ್ಲ.

ಈಗ ಒಂದು ಮುಖ್ಯ ಸಂಗತಿ. ಜ್ಯೋತ್ಸ್ನಾಳಿಗೆ ಇಪ್ಪತ್ತನಾಲ್ಕು ವರ್ಷ. ಒಂದು ಸಂಬಂಧ ಹಿಂದೆ ತಪ್ಪಿ ಹೋಗಿತ್ತು. ಹುಡುಗನ ಸೋದರಮಾವನಿಗೆ ನಾನು ಒಂದೇ ಒಂದು ಮಾತು ಹೇಳಿದ್ದೆ, ಆತ ಅಷ್ಟಕ್ಕೇ ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋದ. ಈಗ ವಾಶಿಯಿಂದ ಹೊಸ ಸಂಬಂಧ ಬಂದಿತ್ತು. ಹುಡುಗ ಸುಜನ್, ಹಡಗಿನ ಸರಕು ಸಾಗಿಸುವ ಆಫೀಸಿನಲ್ಲಿ ಕೆಲಸ, ತಂದೆ ಇಲ್ಲ, ತಾಯಿ ಕಾರ್ಮಿನ್ ಬಾಯಿ. ಫೋಟೋ ನೋಡಿದ ಜ್ಯೋತ್ಸ್ನಾ ಮೊದಲ ಸಲ 'ಬೇಡ' ಎನ್ನದೆ ಫೋಟೋವನ್ನು ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. ಅವರು ಇಪ್ಪತ್ತನೇ ತಾರೀಖು, ಭಾನುವಾರ, ಹುಡುಗಿ ನೋಡಲು ಬರುವವರಿದ್ದರು.

"ಗಂಡಿನ ಕಡೆಯವರು ಅಕ್ಕಪಕ್ಕದಲ್ಲಿ ವಿಚಾರಿಸದೆ ಇರುವುದಿಲ್ಲ," ಎಂದಳು ಬೆನ್ನಾ. "ಇಪ್ಪತ್ತನೇ ತಾರೀಖಿನವರೆಗೆ ಈ ಕಟ್ಟಡದಲ್ಲಿ ನಿಮ್ಮ ಸ್ವರ ಏರಬಾರದು. ಯೇಸುವಿನ ಮೇಲೆ ಆಣೆ."

ನಾನು ಆಣೆ ಪಾಲಿಸಿದೆ. ನನ್ನ ಸ್ಕೂಟರಿಗೆ ಅಡ್ಡ ಕಾರು ನಿಲ್ಲಿಸಿದವನಿಗೆ "ನಿಧಾನಕ್ಕೆ ತೆಗೆಯಿರಿ ಸಾರ್" ಎಂದೆ. ನೀರಿನ ಪಂಪು ಹಾಕಲು ಮರೆತ ವಾಚ್‌ಮನ್ ಶಿವರಾಯನಿಗೆ "ಆಗ್ತದೆ, ಮನುಷ್ಯರಲ್ವಾ" ಎಂದೆ. ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಇಡೀ ದಿನ ಹೀಗೆ ಒಳಗೆ ತುಂಬಿದ್ದನ್ನು ಸಂಜೆ ಏಳರಿಂದ ಏಳೂವರೆಯವರೆಗೆ, ಅಭ್ಯಾಸದ ಹೊತ್ತಿನಲ್ಲಿ, ಹೊರಗೆ ಹಾಕುತ್ತಿದ್ದೆ.

ಹಿಲ್ಡಾ ಟೀಚರ್ ಬರೆದು ಕೊಟ್ಟ ಮಾತು ಹೀಗಿತ್ತು: "ಕ್ಷಮಿಸಿ, ಇಲ್ಲಿ ಸ್ಥಳಾವಕಾಶವಿಲ್ಲ, ದಯವಿಟ್ಟು ಮುಂದೆ ಸಾಗಿರಿ." ಇದು ಸ್ಟೇಷನ್ನಿನ ಘೋಷಣೆ, ಬೈಗುಳವಲ್ಲ. ಯಾವ ಭಾಷೆಯಲ್ಲಿ ಬೇಕಾದರೂ ಹೇಳಿ ಎಂದು ಫಾದರ್ ಹೇಳಿದ್ದರು. ನಾನು ಪ್ರಾರ್ಥನೆ ಮಾಡುವುದು ಕೊಂಕಣಿಯಲ್ಲಿ, ತುರ್ಭೆಯ ಕಾರ್ಖಾನೆಯಲ್ಲಿ ಕೆಲಸ ಹೇಳುವುದು ಹಿಂದಿಯಲ್ಲಿ. ಆದರೆ ಸಿಟ್ಟು ಬರುವುದು ಕನ್ನಡದಲ್ಲಿ ಮಾತ್ರ. ಆದ್ದರಿಂದ ಮಾತನ್ನು ಸ್ವಲ್ಪ ತಿದ್ದಿಕೊಂಡೆ.

ಜ್ಯೋತ್ಸ್ನಾ ಹೊಟ್ಟೆಗೆ ದಿಂಬು ಕಟ್ಟಿ, ಮೇಲೆ ಬೆನ್ನಾಳ ಹಳೆಯ ಸಡಿಲ ನೈಟಿ ಹಾಕಿ, ತಲೆಗೆ ದುಪಟ್ಟಾ ಹೊದ್ದು, ತುಂಬು ಗರ್ಭಿಣಿಯ ನಡಿಗೆ ಬರಬೇಕೆಂದು ತಳಮಹಡಿಯಿಂದ ಎರಡನೇ ಮಹಡಿಗೆ ನಿಧಾನವಾಗಿ ಹತ್ತಿ ಬಂದು ಬಾಗಿಲು ತಟ್ಟುತ್ತಿದ್ದಳು.

"ಒಂದು ರಾತ್ರಿಗೆ ಜಾಗ ಕೊಡಿ. ನನಗೆ ದಿನ ತುಂಬಿದೆ."

ನಾನು ಬಾಗಿಲು ತೆರೆಯುತ್ತಿದ್ದೆ. "ಈ ಹೊಟ್ಟೆ ಹೊತ್ತುಕೊಂಡು ಯಾವ ಮುಖದಲ್ಲಿ ನನ್ನ ಬಾಗಿಲಿಗೆ ಬಂದೆ? ಎಲ್ಲಿ ನಿನ್ನ ಜೋಸೆಫ್? ಓಡಿಹೋದನಾ? ನನ್ನ ಮನೆಯಲ್ಲಿ ನಿನಗೆ ಜಾಗ ಇಲ್ಲ! ಬೀದಿಗೆ ಹೋಗು!"

"ಪಪ್ಪಾ, ಮಸ್ತ್!" ಎನ್ನುತ್ತಿದ್ದಳು ಮಗಳು, ಮೆತ್ತಗೆ. "ಬೀದಿಗೆ ಹೋಗು ಅಂದ ಕೂಡಲೇ ಬಾಗಿಲು ಧಡಾರ್ ಅಂತ ಹಾಕಿ. ಇಫೆಕ್ಟ್ ಆತಾ ಹೈ."

ನಾನು ಧಡಾರೆಂದು ಹಾಕುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಬೆನ್ನಾ ಬಾಗಿಲನ್ನು ಒಂದು ಗೇಣು ತೆರೆದು ಅವಳನ್ನು ಸದ್ದಿಲ್ಲದೆ ಒಳಗೆ ಎಳೆದುಕೊಳ್ಳುತ್ತಿದ್ದಳು, ಅನ್ನ ಆರಿಹೋಗುತ್ತದೆಂದು. ಹತ್ತು ಸಂಜೆ ಹೀಗೆ ನಡೆಯಿತು.

ನಮ್ಮ ಬಾಗಿಲಿನ ಎದುರು ಬಾಗಿಲು ಸರ್ವೋತ್ತಮ ಶೆಟ್ಟರದು. ಸೊಸೈಟಿಯ ಕಾರ್ಯದರ್ಶಿ, ಸ್ಟೇಷನ್ ಹತ್ತಿರ ಹೋಟೆಲು, ಉಡುಪಿ ಕಡೆಯವರು. ಹೆಂಡತಿ ವನಮಾಲಾ, ಕಟ್ಟಡದ ಮಹಿಳಾ ಮಂಡಳಿಯ ಅಧ್ಯಕ್ಷೆ. ಅವರ ಬಾಗಿಲಿನಲ್ಲಿ ಹೊರಗೆ ನೋಡುವ ಒಂದು ಗಾಜಿನ ಕಿಂಡಿಯಿದೆ. ಮನುಷ್ಯನ ಕಣ್ಣು ಅದಕ್ಕೆ ಅಂಟಿಕೊಂಡು ಅರ್ಧ ಗಂಟೆ ನಿಲ್ಲಬಲ್ಲದು ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಬರೀ ಪಾತ್ರವೇ ತುಂಬಿತ್ತು.

ಒಂದು ಬೆಳಿಗ್ಗೆ ವಾಶಿಯ ಮಾರುಕಟ್ಟೆಗೆ ತರಕಾರಿ ನೋಡಲು ಹೊರಟ ಶೆಟ್ಟರು ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಾಯಿಸಿದ ಮೇಲೆ ನನ್ನ ಪಕ್ಕದಲ್ಲೇ ಕೂತರು. ಊರಿನ ಕಡೆ ನಮ್ಮ ಜಾತಿಯವರನ್ನು ಮರ್ಯಾದೆಯಿಂದ ಕರೆಯುವಂತೆ ಅವರು ನನ್ನನ್ನು ಪೊರ್ಬುಲು ಎನ್ನುತ್ತಾರೆ.

"ಪೊರ್ಬುಲೇ, ಮನೆಯಲ್ಲಿ ಎಲ್ಲ ಆರಾಮ ಉಂಟಾ?"

"ಆರಾಮ ಶೆಟ್ರೇ."

"ಮಗಳು?"

"ಅವಳಿಗೆಂತ. ಮೆಟ್ಟಿಲು ಹತ್ತಿ ಹತ್ತಿ ಕಾಲು ಸ್ವಲ್ಪ ನೋವು."

ಶೆಟ್ಟರು ಒಂದು ಕ್ಷಣ ಕಣ್ಣು ಮುಚ್ಚಿದರು. "ಕಾಲಕ್ಕೆ ತಕ್ಕ ಹಾಗೆ ನಾವು ಬದಲಾಗಬೇಕು ಮಾರಾಯ್ರೆ. ಮಕ್ಕಳು ಅಂದ ಮೇಲೆ ತಪ್ಪು ಆಗ್ತದೆ. ಹಾಗಂತ ದಿನಾ ಸಂಜೆ ಇಷ್ಟು ದೊಡ್ಡ ಸ್ವರದಲ್ಲಿ..."

ಓಹೋ, ಗದ್ದಲದ ದೂರು ಎಂದುಕೊಂಡೆ. ಬೇರೆ ದಿನವಾಗಿದ್ದರೆ ಅವರ ಹೋಟೆಲಿನ ಗ್ರೈಂಡರಿನ ಸದ್ದಿನ ಬಗ್ಗೆ ಐರೋಲಿಯಿಂದ ತುರ್ಭೆಯವರೆಗೆ ಮಾತನಾಡುತ್ತಿದ್ದೆ. ಆದರೆ ಆಣೆ ಇತ್ತು. ಜೇನುತುಪ್ಪದಂಥ ಸ್ವರದಲ್ಲಿ ಹೇಳಿದೆ:

"ಹತ್ತೊಂಬತ್ತನೇ ತಾರೀಖಿನವರೆಗೆ ತಡೆದುಕೊಳ್ಳಿ ಶೆಟ್ರೇ. ಆ ಸಂಜೆ ಒಂದೇ ಸಲಕ್ಕೆ ಎಲ್ಲ ಮುಗಿಸಿಬಿಡ್ತೇನೆ."

ಶೆಟ್ಟರ ಕೈಯಿಂದ ತರಕಾರಿಯ ಚೀಲ ಜಾರಿತು. ಅವರು ವಾಶಿಗೆ ಹೋಗಲೇ ಇಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಎದುರಿನ ಗಾಡಿ ಹತ್ತಿದರು. ಹೋಟೆಲಿನವನು ತರಕಾರಿ ಬಿಟ್ಟು ಮನೆಗೆ ಓಡುವುದೆಂದರೆ ಏನೆಂದು ನಾನು ಅವತ್ತೇ ಯೋಚಿಸಬೇಕಿತ್ತು.

ಆಮೇಲೆ ಕಟ್ಟಡದ ಹೆಂಗಸರಿಗೆ ಜ್ಯೋತ್ಸ್ನಾಳ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ವನಮಾಲಾ ಬೆಳಿಗ್ಗೆ ಎಳನೀರು ಕೊಟ್ಟರು, ಸಂಜೆ ಮೆಂತೆ ಗಂಜಿ ಕೊಟ್ಟರು. ಮೂರನೇ ಮಹಡಿಯವರು ತುಪ್ಪದ ಉಂಡೆ ಕೊಟ್ಟರು. ಭಾರದ ಬ್ಯಾಗನ್ನು ಅವಳ ಕೈಯಿಂದ ಕಿತ್ತುಕೊಂಡು ಶಿವರಾಯ ಹೊತ್ತ. "ಸಬ್ ಲೋಗ್ ಕಿತನೇ ಸ್ವೀಟ್ ಹೋ ಗಯೇ ಹೈಂ," ಎಂದಳು ಮಗಳು. ಕ್ರಿಸ್ಮಸ್ಸಿಗೆ ನಾವು ಹಂಚುವ ಕುಸ್ವಾರ್ ತಿಂಡಿಯ ತಟ್ಟೆಗೆ ಮುಂಗಡ ಹಾಕುತ್ತಿದ್ದಾರೆ ಎಂದೆ ನಾನು.

ಪಪ್ಪಾಯದ ದಿನ ಮಾತ್ರ ಬೆನ್ನಾ ಹೆದರಿಕೊಂಡಳು. ಕೇಕಿಗೆ ಹಾಕುವ ಸಕ್ಕರೆಯ ತುಂಡು ಮಾಡಲು ಅವಳು ಎರಡು ದೊಡ್ಡ ಕಾಯಿ ಪಪ್ಪಾಯ ತಂದಿದ್ದಳು. ಮೆಟ್ಟಿಲಲ್ಲಿ ಎದುರಾದ ವನಮಾಲಾ ಚೀಲದೊಳಗೆ ಇಣುಕಿ ಚೀರಿದರಂತೆ.

"ಬಾಯಮ್ಮಾ! ಹೆತ್ತ ತಾಯಿಯಾಗಿ ನೀವೂ ಈ ಕೆಲಸಕ್ಕೆ ಇಳಿದಿರಾ? ಬಸು... ಹುಡುಗಿಗೆ ಯಾರಾದರೂ ಇದನ್ನು ತಿನ್ನಿಸ್ತಾರಾ?"

"ಅವಳಿಗಲ್ಲ ವನಮಾಲಾ, ಕೇಕಿಗೆ."

"ಕೇಕಂತೆ ಕೇಕು!" ಎಂದು ಎರಡೂ ಪಪ್ಪಾಯ ಕಿತ್ತುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರಂತೆ. ಬೆನ್ನಾ ಬಂದು ಹೇಳಿದಾಗ ನನ್ನ ಮೈ ಕುದಿಯಿತು. ಪಪ್ಪಾಯ ವಾಪಸು ತರಲು ಎದ್ದೆ. ಅವಳು ಆಣೆ ನೆನಪಿಸಿದಳು, ಕೂತೆ. ಅವತ್ತಿನ ಅಭ್ಯಾಸದಲ್ಲಿ ನನ್ನ ಸ್ವರ ನಾಲ್ಕನೇ ಮಹಡಿಗೆ ಕೇಳಿತಂತೆ. ವಲೇರಿಯನ್ ಫೋನ್ ಮಾಡಿ ಶಾಭಾಸ್ ಎಂದ.

ಹತ್ತೊಂಬತ್ತನೇ ತಾರೀಖು ಬಂತು. ಸಂಜೆ ಐದೂವರೆಗೆ ಮದುವೆ ಮಾತುಕತೆ ನಡೆಸುವ ಸಾಂತಾನನ ಫೋನು. ಜ್ಯೋತ್ಸ್ನಾ ಆಗಲೇ ವೇಷ ಹಾಕಲು ಹಿಲ್ಡಾ ಟೀಚರ ಮನೆಗೆ ಇಳಿದಿದ್ದಳು.

"ಲಿಗೋರಿ, ನಾಳೆ ವಾಶಿಯವರು ಬರುವುದಿಲ್ಲ."

"ಯಾಕೆ?"

"ಕಾರ್ಮಿನ್ ಬಾಯಿ ನಿನ್ನೆ ನಿಮ್ಮ ಕಟ್ಟಡಕ್ಕೆ ಬಂದು ವಿಚಾರಿಸಿದ್ದಾರೆ. ಅವರಿಗೆ ಇಷ್ಟು ಬೇಗ ಅಜ್ಜಿಯಾಗುವ ಮನಸ್ಸಿಲ್ಲವಂತೆ."

"ಬೇಗ ಆಗಿ ಅಂತ ಹೇಳಿದವರು ಯಾರು? ಮದುವೆಯಾಗಿ ಎರಡು ವರ್ಷ ಕಳೆದು ನಿಧಾನಕ್ಕೆ..."

"ಮದುವೆಗೆ ಮುಂಚೆಯೇ ಆಗ್ತಾರೆ ಅಂತ ನಿಮ್ಮ ವಾಚ್‌ಮನ್ ಹೇಳಿದನಂತೆ," ಎಂದು ಅವನು ಫೋನು ಇಟ್ಟ.

ನನ್ನ ತಲೆಯೊಳಗೆ ಎಳನೀರು, ಮೆಂತೆ ಗಂಜಿ, ಪಪ್ಪಾಯ ಎಲ್ಲ ಸಾಲಾಗಿ ಬಂದು ನಿಂತವು. ಬೆನ್ನಾ ತಡೆಯಲು ಬಂದಳು. ನಾನು ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಕೆಳಗೆ ಇಳಿದೆ. ಆಣೆ ಗೀಣೆ ಎಲ್ಲ ಮೇಲೆಯೇ ಉಳಿಯಿತು.

"ಶಿವರಾಯಾ! ಏನು ಹೇಳಿದೆ ಆ ಹೆಂಗಸಿಗೆ?"

ಶಿವರಾಯ ಕಲಬುರ್ಗಿ ಕಡೆಯವನು. ಕುರ್ಚಿಯ ಹಿಂದೆ ಸರಿದು ನಿಂತ. "ನಾ ಏನ್ ಸುಳ್ಳ ಹೇಳಿಲ್ರಿ ಸಾಹೇಬ್ರ. ಹುಡುಗಿ ಹೆಂಗದಾಳ ಅಂತ ಕೇಳಿದ್ರು. ಬಂಗಾರದಂಥ ಹುಡುಗಿ ಅದಾಳ್ರಿ, ಖರೆ ಪಾಪ, ಜೋಸೆಫ್ ಅಂಬಾಂವ ಕೈ ಕೊಟ್ಟಾನ, ಹಗಲ ಹೊಟ್ಟಿ ಬಿಗದ ಕಟ್ಕೊಂಡ ಓಡಾಡ್ತಾಳ, ಅಪ್ಪ ದಿನಾ ಹೊರಗ ಹಾಕ್ತಾನ ಅಂದೆ. ಅಷ್ಟ ನೋಡ್ರಿ."

"ಅದು ದಿಂಬು ಕಣಯ್ಯಾ! ದಿಂಬು!"

"ಹೌದ್ರಿ," ಎಂದ ಶಿವರಾಯ ಮೆಲ್ಲಗೆ, ಕಚ್ಚುವ ನಾಯಿಯ ಹತ್ತಿರ ಮಾತನಾಡುವ ಹಾಗೆ. "ದಿಂಬ ಅದರಿ. ನೀವು ಹೇಳಿದಂಗ."

ಅಷ್ಟರಲ್ಲಿ ಶೆಟ್ಟರು ಬಂದರು. ಅವರಿಗೂ ದಿಂಬಿನ ವಿಷಯ ಹೇಳಿದೆ. ಸ್ವರ ಸ್ವಲ್ಪ ದೊಡ್ಡದಾಗಿತ್ತು, ಕೈಯೂ ಆಡುತ್ತಿತ್ತು, ಒಪ್ಪುತ್ತೇನೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ತಂದೆಯ ಸಂಕಟ ನನಗೆ ಗೊತ್ತಾಗ್ತದೆ ಪೊರ್ಬುಲೇ. ಆದರೆ ಇವತ್ತು ಏನಾದ್ರೂ ಮಾಡಿದ್ರೆ ಸೊಸೈಟಿ ಸುಮ್ಮನಿರೂದಿಲ್ಲ, ಹೇಳಿದ್ದೇನೆ."

ಸತ್ಯವನ್ನು ಎಷ್ಟು ಜೋರಾಗಿ ಹೇಳಿದರೆ ಅಷ್ಟು ಸುಳ್ಳಾಗಿ ಕೇಳಿಸುತ್ತದೆ ಎಂದು ಆವತ್ತು ಗೊತ್ತಾಯಿತು. ಫಾದರ್‌ಗೆ ಫೋನ್ ಮಾಡಿದೆ, ಬಂದ್ ಇತ್ತು. ಕ್ರಿಸ್ಮಸ್ಸಿಗೆ ಮುಂಚಿನ ಪಾಪನಿವೇದನೆ ಕೇಳಲು ಕೂತಿದ್ದರು. ವರ್ಷವಿಡೀ ಮಾಡಿದ್ದನ್ನು ಜನ ಒಂದೇ ಸಂಜೆ ಹೇಳಲು ಬರುತ್ತಾರೆ, ಸಾಲು ಬೇಗ ಕರಗುವುದಿಲ್ಲ.

"ನಾಟಕ ಬೇಡ," ಎಂದಳು ಬೆನ್ನಾ.

"ಬೇಕು!" ಎಂದೆ. "ಎಲ್ಲರೆದುರು ಆಡಿ ತೋರಿಸಿದರೆ ಎಲ್ಲರಿಗೂ ಅರ್ಥವಾಗ್ತದೆ." ಈ ಬುದ್ಧಿ ನನ್ನದೇ. ಬೇರೆ ಯಾರ ಮೇಲೂ ಹಾಕುವುದಿಲ್ಲ.

ಏಳು ಗಂಟೆಗೆ ಕೆಳಗಿನಿಂದ ಹಾಡು ಕೇಳಿತು. ನಲವತ್ತು ಜನ ಕೈಯಲ್ಲಿ ಮೇಣದ ಬತ್ತಿ ಹಿಡಿದು ಹತ್ತಿ ಬಂದರು. ಹಿಲ್ಡಾ ಟೀಚರ್ ನಯವಾಗಿ ಇಲ್ಲ ಎಂದು ಮುಗಿದಿತ್ತು. ನನ್ನ ಬಾಗಿಲು ತಟ್ಟಿದರು. ತೆರೆದೆ. ಮುಂದೆ ಜ್ಯೋತ್ಸ್ನಾ, ನೀಲಿ ಸೆರಗು, ದೊಡ್ಡ ಹೊಟ್ಟೆ. ಅವಳಿಗೆ ಫೋನಿನ ವಿಷಯ ಏನೂ ಗೊತ್ತಿಲ್ಲ, ಮುಖ ಹೊಳೆಯುತ್ತಿತ್ತು. ಪಕ್ಕದಲ್ಲಿ ಕಂಬಳಿ ಹೊದ್ದು ಆಕಳಿಸುತ್ತಿದ್ದ ರಂಜನ್. ಹಿಂದೆ ಫಾದರ್.

"ಒಂದು ರಾತ್ರಿಗೆ ಜಾಗ ಕೊಡಿ. ನನಗೆ ದಿನ ತುಂಬಿದೆ."

ಕಾರ್ಮಿನ್ ಬಾಯಿ, ಶಿವರಾಯ, ಪಪ್ಪಾಯ, ಶೆಟ್ಟರ ಕೈ ಎಲ್ಲ ಒಟ್ಟಿಗೆ ನನ್ನ ಗಂಟಲಿಗೆ ಬಂದವು. ನಟಿಸುವ ಅಗತ್ಯವೇ ಬೀಳಲಿಲ್ಲ. ಮೇಣದ ಬತ್ತಿ ಮೂರು ಆರಿದವು. "ಬೀದಿಗೆ ಹೋಗು!" ಎಂದು ಮುಗಿಸಿ, ಮಗಳು ಹೇಳಿಕೊಟ್ಟಂತೆ ಬಾಗಿಲು ಧಡಾರೆಂದು ಹಾಕಿ, ಬೆವರು ಒರೆಸಿಕೊಳ್ಳುತ್ತಾ ಬಾಗಿಲಿನ ಹಿಂದೆ ನಿಂತೆ. ಇನ್ನು ಮೆರವಣಿಗೆ ವಲೇರಿಯನ್ ಮನೆಗೆ ಹತ್ತಬೇಕು.

ಹತ್ತಿದ ಸದ್ದೇ ಬರಲಿಲ್ಲ. ಬೇರೇನೋ ಗಲಾಟೆ, ಒಂದು ಏಟಿನ ಶಬ್ದ, ಆಮೇಲೆ ಹಾಡು, ಅದೂ ತೀರಾ ಹತ್ತಿರದಿಂದ. ಎರಡು ನಿಮಿಷ ತಡೆದು ಬಾಗಿಲು ತೆರೆದೆ. ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ಒಬ್ಬರೂ ಇಲ್ಲ. ಶೆಟ್ಟರ ಬಾಗಿಲ ಮುಂದೆ ನಲವತ್ತು ಜೊತೆ ಚಪ್ಪಲಿ.

ನಡೆದದ್ದನ್ನು ಮೆರವಣಿಗೆಯಲ್ಲಿದ್ದ ಹಿಲ್ಡಾ ಟೀಚರ್ ಆಮೇಲೆ ಹೇಳಿದರು. ನಾನು ಬಾಗಿಲು ಹಾಕಿದ ಕ್ಷಣವೇ ಎದುರು ಬಾಗಿಲು ತೆರೆದಿತ್ತು. ಒಳಗೆ ವನಮಾಲಾ ಮತ್ತು ಮಹಿಳಾ ಮಂಡಳಿಯ ಏಳು ಜನ ಸಂಜೆಯಿಂದ ತಯಾರಾಗಿ ಕೂತಿದ್ದರು. "ಇಗರ್ಜಿಯವರೆಲ್ಲ ಬತ್ತಿ ಹಿಡಿದು ಬಂದು ಹುಡುಗಿಯನ್ನು ಜಾತಿಯಿಂದ ಹೊರಗೆ ಹಾಕ್ತಿದ್ದಾರೆ!" ಎಂದು ಕೂಗಿ ವನಮಾಲಾ ಜ್ಯೋತ್ಸ್ನಾಳ ಕೈ ಹಿಡಿದು ಒಳಗೆ ಎಳೆದರು. "ನಮ್ಮಲ್ಲಿ ಜಾಗ ಉಂಟು! ಬಾ ಮಗಳೇ!" ಶೆಟ್ಟರು ರಂಜನನ ಕಂಬಳಿ ಹಿಡಿದು "ನೀನೇ ಅಲ್ವಾ ಜೋಸೆಫ್?" ಎಂದು ಕೇಳಿದರು. ಅವನು ಹೌದೆಂದ. ಆ ಹೌದಿಗೆ ಬಿದ್ದದ್ದೇ ನನಗೆ ಕೇಳಿಸಿದ ಏಟು. ಒಂದು ತಿಂಗಳ ನಂತರ ರಂಜನ್ ಪೂರ್ತಿ ಎಚ್ಚರವಾದದ್ದು ಆಗ. ಫಾದರ್ ಕಂಗಾಲಾಗಿ ಅತ್ತಿತ್ತ ನೋಡಿದರು. ಆದರೆ ಮರಿಯ ಒಳಗೆ ಹೋದಲ್ಲಿ ಹಾಡುತ್ತಾ ಹೋಗಬೇಕು ಎಂದು ಜನರಿಗೆ ಅವರೇ ಹೇಳಿಕೊಟ್ಟಿದ್ದರು. ನಮ್ಮವರು ಉಪದೇಶ ಮರೆಯುತ್ತಾರೆ, ಆದರೆ ತಿಂಡಿಯಿರುವ ಕಡೆಗಿನ ದಾರಿ ಮರೆಯುವುದಿಲ್ಲ. ಹಾಡುತ್ತಾ ನುಗ್ಗಿದರು.

ನಾನು ಒಳಗೆ ಹೋದಾಗ ಜ್ಯೋತ್ಸ್ನಾ ಸೋಫಾದ ಮೇಲೆ, ಸುತ್ತ ಎಂಟು ಹೆಂಗಸರು. ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. "ಆಂಟಿ, ಸುನೋ ತೋ, ಇದು ಡ್ರಾಮಾ," ಎಂದು ಅವಳು ಎದ್ದು ನಿಂತಳು. ಎದ್ದ ರಭಸಕ್ಕೆ ದಾರ ಬಿಚ್ಚಿತು. ದಿಂಬು ನೆಲಕ್ಕೆ ಬಿತ್ತು.

ಕೋಣೆಯಲ್ಲಿದ್ದ ಐವತ್ತು ಜನರೂ ಅದನ್ನು ನೋಡಲು ಕತ್ತು ಚಾಚಿದರು.

ವನಮಾಲಾ ಬಗ್ಗಿ ದಿಂಬನ್ನು ಎತ್ತಿಕೊಂಡರು. ಒತ್ತಿ ನೋಡಿದರು, ಧೂಳು ಕೊಡವಿದರು. "ಹತ್ತಿ," ಎಂದರು. ಫಾದರ್ ಬೆತ್ಲೆಹೇಮಿನಿಂದ ಮೆಕ್ಸಿಕೋವರೆಗೆ ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದರು. ಶೆಟ್ಟರು ರಂಜನನ ಕೆನ್ನೆ ಸವರಿದರು. ಮಂಡಳಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಕಣ್ಣಿನಲ್ಲಿದ್ದದ್ದು ಸಮಾಧಾನವಲ್ಲ, ಮೋಸ ಹೋದ ಬೇಸರ.

"ದಿಂಬಾದರೆ ದಿಂಬು," ಎಂದರು ಕೊನೆಗೆ ವನಮಾಲಾ. "ಮನೆಗೆ ಬಂದವರು ಬಂದವರೇ. ಏನ್ರೀ, ಹೋಟೆಲಿಗೆ ಫೋನ್ ಮಾಡಿ ಗೋಳಿಬಜೆ ತರಿಸಿ."

ಫಾದರ್ ಕಣ್ಣು ಒದ್ದೆ ಮಾಡಿಕೊಂಡು ಏನೋ ದೊಡ್ಡ ಮಾತು ಹೇಳಲು ಹೊರಟರು. ಅಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಂಡಿತು. ನಾಲ್ಕನೇ ಮಹಡಿಯಿಂದ ವಲೇರಿಯನ್. ಅವನ ಸ್ವರ ಎಲ್ಲರಿಗೂ ಕೇಳಿಸಿತು. "ಫಾದರ್, ಮರಿಯ ಎಲ್ಲಿಗೆ ಮುಟ್ಟಿದ್ದಾರೆ? ಫೋಟೋಗ್ರಾಫರ್ ಬೈತಾ ಇದ್ದಾನೆ!"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ದಿಂಬು ಇಲ್ಲಿ ಬಿದ್ದರೆ ವಾಶಿಗೆ ಕೇಳಿಸುತ್ತದೆಯೇ? ಮಗಳನ್ನು ಮೂಲೆಗೆ ಕರೆದು ಸಾಂತಾನನ ಫೋನಿನ ವಿಷಯ ಹೇಳಿದೆ. ಅವಳ ಮುಖದ ಹೊಳಪು ಅಲ್ಲೇ ಆರಿತು. "ಕೋಯಿ ಬಾತ್ ನಹೀಂ ಪಪ್ಪಾ," ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಆಗ ಬಾಗಿಲ ಹತ್ತಿರ ಮೇಣದ ಬತ್ತಿ ಹಿಡಿದು ನಿಂತಿದ್ದ ಒಬ್ಬ ಹುಡುಗ ಮುಂದೆ ಬಂದ. ಮೇಣ ಕರಗಿ ಅವನ ಅಂಗಿಯ ತೋಳಿನ ಮೇಲೆ ಬಿದ್ದಿತ್ತು.

"ಅಂಕಲ್, ನಾನು ಸುಜನ್. ವಾಶಿಯಿಂದ." ಎಲ್ಲರೂ ಅವನ ಕಡೆ ತಿರುಗಿದರು. "ಅಮ್ಮ ಬೇಡ ಅಂದ್ರು. ಹುಡುಗಿಯನ್ನೇ ಕೇಳುವ ಅಂತ ಬಂದೆ. ಕೆಳಗೆ ಯಾರೋ ಕೈಗೆ ಬತ್ತಿ ಕೊಟ್ಟು ಹಾಡು ಅಂದ್ರು. ಹಾಡ್ತಾ ಬಂದೆ."

"ಏನು ಕೇಳಲಿಕ್ಕೆ?" ಎಂದಳು ಜ್ಯೋತ್ಸ್ನಾ, ಕನ್ನಡದಲ್ಲೇ.

"ಏನಾದ್ರೂ ಸಹಾಯ ಬೇಕಾ ಅಂತ."

ಮಹಿಳಾ ಮಂಡಳಿ ಒಟ್ಟಾಗಿ ಉಸಿರೆಳೆದುಕೊಂಡಿತು. ಅದು ಹೊರಗೆ ಬರುವ ಮೊದಲೇ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಮಗನನ್ನು ಅಟ್ಟಿಸಿಕೊಂಡು ಬಂದ ಕಾರ್ಮಿನ್ ಬಾಯಿ, ಜೊತೆಗೆ ದಾರಿ ತೋರಿಸುತ್ತಾ ಶಿವರಾಯ. ಅವರು ಒಳಗೆ ಬಂದು, ಮಗನನ್ನು ನೋಡಿ, ಹುಡುಗಿಯ ಸಪಾಟು ಹೊಟ್ಟೆಯನ್ನು ನೋಡಿ, ವನಮಾಲಾರ ಕೈಯ ದಿಂಬನ್ನು ನೋಡಿದರು. ಹಿಲ್ಡಾ ಟೀಚರ್ ಎರಡು ವಾಕ್ಯದಲ್ಲಿ ವಿಷಯ ಹೇಳಿದರು.

"ಅಯ್ಯೋ ದೇವರೇ, ದಿಂಬಾ!" ಎಂದು ಕಾರ್ಮಿನ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. "ಹಾಗಾದ್ರೆ ಏನೂ ತೊಂದರೆ ಇಲ್ಲ. ನಾಳೆ ನಾವು ಬರ್ತೇವೆ."

ನಾನು 'ಬನ್ನಿ ಬನ್ನಿ' ಎನ್ನಲು ಬಾಯಿ ತೆರೆದೆ. ವನಮಾಲಾ ದಿಂಬನ್ನು ಅಡ್ಡ ಹಿಡಿದರು.

"ನೀವು ಸುಮ್ಮನಿರಿ ಪೊರ್ಬುಲೇ. ಇಷ್ಟು ದಿನ ಈ ಹುಡುಗಿಗೆ ಗಂಜಿ ಬೇಯಿಸಿದ್ದು ನಾವು." ಕಾರ್ಮಿನ್ ಬಾಯಿಗೆ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನೀವು ನಮ್ಮಲ್ಲಿ ವಿಚಾರಿಸಿ ಆಯ್ತು. ಈಗ ನಾವು ವಿಚಾರಿಸಬೇಕಲ್ಲ?"

ಮುಂದಿನ ಒಂದೂವರೆ ಗಂಟೆ ನಡೆದ ವಿಚಾರಣೆಯನ್ನು ಪೊಲೀಸರು ನೋಡಿ ಕಲಿಯಬೇಕಿತ್ತು. ಮಂಡಳಿಯ ಎಂಟು ಜನ ಸುತ್ತ ಕೂತರು. ಹುಡುಗ ಕುಡಿಯುತ್ತಾನೆಯೇ, ಸಂಬಳ ಯಾವ ತಾರೀಖಿಗೆ ಬರುತ್ತದೆ, ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕೇ, ಮನೆಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ಅದನ್ನು ಹಿಡಿಯುವವರು ಯಾರು. ಸುಜನ್ ಗೋಳಿಬಜೆ ಕೈಯಲ್ಲೇ ಹಿಡಿದು ಎಲ್ಲಕ್ಕೂ ಉತ್ತರ ಕೊಟ್ಟ. ತಾಯಿ ಮೂರು ಸಲ ಏಳಲು ನೋಡಿದರು, ಮೂರು ಸಲವೂ ಅವರ ತಟ್ಟೆಗೆ ಇನ್ನೊಂದು ಬಜೆ ಬಿತ್ತು. ಫಾದರ್ ಪ್ರಾರ್ಥನೆಯನ್ನು ಮರೆತು ಹುಡುಗನ ಪರವಾಗಿ ಎರಡು ಮಾತು ಹೇಳಲು ಹೋಗಿ ಬೈಸಿಕೊಂಡರು.

ಕೊನೆಗೆ ವನಮಾಲಾ ತೀರ್ಪು ಕೊಟ್ಟರು. "ಮಾತಿನಲ್ಲಿ ಎಲ್ಲರೂ ಒಳ್ಳೆಯವರೇ. ನಮ್ಮ ಶಿವರಾಯ ವಾಶಿಗೆ ಹೋಗಿ ನಿಮ್ಮ ಕಟ್ಟಡದ ವಾಚ್‌ಮನ್ ಹತ್ತಿರ ಕೇಳಿಕೊಂಡು ಬರ್ತಾನೆ. ಆಮೇಲೆ ತಿಳಿಸ್ತೇವೆ."

ಗಂಡಿನ ಕಡೆಯವರು ತಲೆ ತಗ್ಗಿಸಿಕೊಂಡು ಹೋದರು. ಐದು ದಿನ ಅವರು ಕಾದರು. ಆಗಮನ ಕಾಲವನ್ನು ಆ ವರ್ಷ ಸರಿಯಾಗಿ ಆಚರಿಸಿದವರು ಅವರಿಬ್ಬರೇ ಇರಬೇಕು.

ಕ್ರಿಸ್ಮಸ್ಸಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದಾಗ ಶಿವರಾಯ ಹೊಸ ಅಂಗಿ ಹಾಕಿಕೊಂಡು ನಮ್ಮ ಹಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ. ನನ್ನ ಮನೆಯಲ್ಲಿ ಅವನು ಕೂತದ್ದು ಅದೇ ಮೊದಲು. ಶೆಟ್ಟರು, ವನಮಾಲಾ, ಹಿಲ್ಡಾ ಟೀಚರ್ ಎಲ್ಲ ಸುತ್ತ ನಿಂತಿದ್ದರು. ಬೆನ್ನಾ ವೈನಿನ ಗ್ಲಾಸು ಹಿಡಿದು ನಿಂತಿದ್ದಳು. ಜ್ಯೋತ್ಸ್ನಾ ಅಡಿಗೆಮನೆಯ ಬಾಗಿಲಲ್ಲಿ.

"ಹುಡುಗ ಛಲೋ ಅದಾನ್ರಿ," ಎಂದ ಶಿವರಾಯ ಗಂಟಲು ಸರಿಮಾಡಿಕೊಂಡು. "ಕುಡಿಯಾಂಗಿಲ್ಲ, ಸೇದಾಂಗಿಲ್ಲ. ವಾಚ್‌ಮನ್‌ಗ ದೀಪಾವಳಿಗೆ ಅಂಗಿ ಕೊಡಸ್ಯಾನ. ಒಂದ ಮಾತು ಅದರಿ. ಅವರವ್ವಾರಿಗೆ ಸಿಟ್ಟು ಭಾಳ ಅಂತ. ಮುಂಜಾನೆ ಬೈಯಾಕ ಹತ್ತಿದ್ರ ವಾಶಿ ಸ್ಟೇಷನ್‌ತನಕ ಕೇಳಸ್ತದಂತ್ರಿ."

ಎಲ್ಲರೂ ಜ್ಯೋತ್ಸ್ನಾಳ ಕಡೆ ನೋಡಿದರು. ವನಮಾಲಾ ಹುಬ್ಬು ಗಂಟಿಕ್ಕಿ ಬೇಡವೆಂಬಂತೆ ತಲೆ ಆಡಿಸುತ್ತಿದ್ದರು. ಬೆನ್ನಾ ಗ್ಲಾಸನ್ನು ಮೇಜಿನ ಮೇಲಿಟ್ಟಳು.

ಜ್ಯೋತ್ಸ್ನಾ ಯೋಚಿಸಲು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

"ಹಾಗಾದ್ರೆ ನನಗೆ ಒಪ್ಪಿಗೆ," ಎಂದಳು. "ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಉಂಟಲ್ಲ."